ಮಾಸ್ಟಡಾನ್ ಖಾಲಿ ಖಾಲಿ ಎನ್ನುವವರಿಗೆ



2022ರ ಅಕ್ಟೋಬರ್ 27ರಂದು ಟ್ವಿಟರ್ (ಈಗಿನ ಎಕ್ಸ್) ಇಲಾನ್ ಮಸ್ಕ್ ಕೈಸೇರಿದ ಮೇಲೆ, ಅದರಂಥದೇ ಜಾಲತಾಣ ಮಾಸ್ಟಡಾನ್ ಕಡೆಗೆ ಗುಳೆ ಶುರುವಾಯಿತು. ನಮ್ಮ ಕಡೆಯವರಿಗೆ ಇದು ಮೊದಲ ಗುಳೆಯೇನಲ್ಲ. ಸುಪ್ರೀಂ ಕೋರ್ಟ್ ವಕೀಲ ಸಂಜಯ್ ಹೆಗ್ಡೆ ಅವರ ಟ್ವಿಟರ್ ಖಾತೆ ಅಮಾನತಾದಾಗ, 2019ರ ನವೆಂಬರಿನಲ್ಲಿ, ಭಾರತದಿಂದ ಒಂದು ದಂಡೇ ಅಲ್ಲಿಗೆ ಹೋಗಿತ್ತು. ಹೋದವರಲ್ಲಿ ಅನೇಕರು ಹಳೇ ಮನೆಗೇ ಮರಳಿದರು. ಹಾಗಾಗಿ ‘ಇದೂ ನಾಲ್ಕು ದಿನದ ಸಂಭ್ರಮ’ ಎನ್ನುವವರ ಅನುಮಾನವನ್ನು ತಳ್ಳಿಹಾಕುವಂತಿಲ್ಲ. ಆದರೆ ‘ಇಲ್ಲಿ ಯಾರೂ ಇಲ್ಲ’ ಎಂದು ಮೊದಲ ಗಂಟೆಯಲ್ಲೇ ಬಾಗಿಲು ಮುಚ್ಚಿಕೊಂಡು ಹೋಗುವುದು ಅವಸರ. ಆ ಖಾಲಿತನಕ್ಕೆ ತಾಂತ್ರಿಕ ಕಾರಣವಿದೆ: ನಿಮ್ಮ ಸರ್ವರ್‌ಗೆ, ಅಂದರೆ ನಿಮ್ಮ ಖಾತೆ ಇರುವ ಕಂಪ್ಯೂಟರ್‌ಗೆ, ಈವರೆಗೆ ಗೊತ್ತಿರುವಷ್ಟು ಮಾತ್ರ ನಿಮಗೆ ಕಾಣುತ್ತದೆ.

ಮಾಸ್ಟಡಾನ್ ಎಂಬುದು ತಂತ್ರಾಂಶದ ಹೆಸರು. ಜರ್ಮನಿಯ ಆಯ್ಗನ್ ರೋಖ್ಕೊ 2016ರಲ್ಲಿ ಬಿಡುಗಡೆ ಮಾಡಿದ್ದು. ಅದನ್ನು ಹಾಕಿಕೊಂಡು ಯಾರು ಬೇಕಾದರೂ ಸರ್ವರ್ ನಡೆಸಬಹುದು. ಅವೆಲ್ಲ ಆಕ್ಟಿವಿಟಿಪಬ್ ಎಂಬ ನಿಯಮಾವಳಿಯ ಮೂಲಕ ಒಂದಕ್ಕೊಂದು ಮಾತಾಡುತ್ತವೆ. ವಿಳಾಸದಲ್ಲಿ ಎರಡು @ ಗುರುತು ಇರುವುದು ಅದಕ್ಕೇ: ಮೊದಲನೆಯದರ ಮುಂದೆ ನಿಮ್ಮ ಹೆಸರು, ಎರಡನೆಯದರ ಮುಂದೆ ಸರ್ವರ್ ಹೆಸರು. ಬಳಕೆದಾರ ಹೆಸರಿಗೆ ಇಂಗ್ಲಿಷ್ ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಮಾತ್ರ ನಡೆಯುತ್ತದೆ. ಕನ್ನಡವನ್ನು ಡಿಸ್‌ಪ್ಲೇ ನೇಮ್ ಜಾಗದಲ್ಲಿ ಹಾಕಿಕೊಳ್ಳಿ.

ಈಗ ಆ ಖಾಲಿ ಪುಟದ ವಿಚಾರ. ಬೇರೆ ಸರ್ವರ್‌ನಲ್ಲಿರುವ ಒಬ್ಬ ಲೇಖಕಿಯನ್ನು ಹುಡುಕಿದಿರಿ ಎನ್ನಿ. ಪ್ರೊಫೈಲ್ ಸಿಕ್ಕಿತು, ಕೆಳಗೆ ಒಂದೂ ಪೋಸ್ಟ್ ಇಲ್ಲ. ಅವರದೇ ಸರ್ವರ್‌ಗೆ ಹೋಗಿ ನೋಡಿದರೆ ಸಾವಿರಾರು ಇವೆ. ನಿಮ್ಮ ಸರ್ವರ್‌ನಲ್ಲಿ ಅವರನ್ನು ಈ ಮೊದಲು ಯಾರೂ ಫಾಲೋ ಮಾಡಿಲ್ಲ, ಹಾಗಾಗಿ ಅವರ ಪೋಸ್ಟ್‌ಗಳು ಈ ಕಡೆ ಬಂದೇ ಇಲ್ಲ. ಫಾಲೋ ಒತ್ತಿದ ಮೇಲೆ ಹೊಸದಾಗಿ ಬರೆದದ್ದು ಬರುತ್ತದೆ. ಹಳೆಯದನ್ನು ಮೂಲ ಪುಟದಲ್ಲೇ ಓದಬೇಕು. ಲೈಕ್‌ಗಳ ಸಂಖ್ಯೆ ಒಂದೊಂದು ಸರ್ವರ್‌ನಲ್ಲಿ ಒಂದೊಂದು ಥರ ಕಾಣುವುದಕ್ಕೂ, ಯಾರದೋ ಉತ್ತರ ನಡುವೆ ಕಾಣೆಯಾಗುವುದಕ್ಕೂ ಇದೇ ಕಾರಣ. ಇನ್ನೊಂದು ಸರ್ವರ್‌ನ ಪುಟದಲ್ಲಿ ಫಾಲೋ ಗುಂಡಿ ಒತ್ತಿ ಸುಮ್ಮನೆ ಒದ್ದಾಡಬೇಡಿ. ಆ ವ್ಯಕ್ತಿಯ ಪೂರ್ತಿ ವಿಳಾಸ ನಕಲು ಮಾಡಿ, ನಿಮ್ಮ ಸರ್ವರ್‌ಗೆ ಲಾಗಿನ್ ಆಗಿ, ಅಲ್ಲಿಯ ಹುಡುಕು ಪೆಟ್ಟಿಗೆಯಲ್ಲಿ ಅಂಟಿಸಿ.

ಹೊಸಬರಿಗೆಲ್ಲ ಸಿಗುವ ಸಲಹೆ ‘ಚಿಕ್ಕ ಸರ್ವರ್ ಸೇರಿ, ಚೆನ್ನಾಗಿರುತ್ತದೆ’. ಕನ್ನಡದಲ್ಲಿ ಬರೆಯುವವರಿಗೆ ಈ ಸಲಹೆ ಒಗ್ಗುವುದಿಲ್ಲ. ಬೇರೆಯವರ ಪೋಸ್ಟಿನೊಳಗಿನ ಪದಗಳನ್ನು 2022ರಲ್ಲಿ ಇಲ್ಲಿ ಹುಡುಕಲಾಗುತ್ತಿರಲಿಲ್ಲ. ಹ್ಯಾಶ್‌ಟ್ಯಾಗ್ ಇದ್ದರೆ ಮಾತ್ರ ಸಿಗುತ್ತಿತ್ತು. ಆ ಹ್ಯಾಶ್‌ಟ್ಯಾಗ್ ಹುಡುಕಾಟವೂ ನಿಮ್ಮ ಸರ್ವರ್‌ಗೆ ತಲುಪಿದ ಪೋಸ್ಟ್‌ಗಳಿಗೇ ಸೀಮಿತ. ಕನ್ನಡದವರನ್ನು ಯಾರೂ ಫಾಲೋ ಮಾಡದ ಪುಟ್ಟ ಸರ್ವರ್‌ನಲ್ಲಿ #ಕನ್ನಡ ಎಂದು ಕೊಟ್ಟರೆ ಸಿಗುವುದು ಸೊನ್ನೆ. ಗೆಳೆಯರು ಈಗಾಗಲೇ ಇರುವ ಕಡೆಗೆ, ಇಲ್ಲವಾದರೆ ದೊಡ್ಡ ಸರ್ವರ್‌ಗೆ ಹೋಗುವುದೇ ಮೇಲು. ಸೇರುವ ಮುನ್ನ ಅದರ ಅಬೌಟ್ ಪುಟ ತೆರೆದು, ನಡೆಸುವವರು ಯಾರು, ಖರ್ಚಿಗೆ ಹಣ ಎಲ್ಲಿಂದ, ನಿಯಮಗಳೇನು ಎಂದು ನೋಡಿ. ಇದೊಂದೂ ಬರೆದಿಲ್ಲದಿದ್ದರೆ ಆ ಸರ್ವರ್ ಬೇಡ. ನೂಕುನುಗ್ಗಲಿದ್ದಾಗ ದೃಢೀಕರಣದ ಇಮೇಲ್ ತಡವಾಗಬಹುದು; ಸ್ಪ್ಯಾಮ್ ಪೆಟ್ಟಿಗೆಯನ್ನೂ ನೋಡಿ.

ಒಳಗೆ ಹೋದ ಮೇಲೆ ಮೊದಲು ಪೋಸ್ಟಿನ ಭಾಷೆ ಸರಿಮಾಡಿ. ಬರೆಯುವ ಪೆಟ್ಟಿಗೆಯ ಕೆಳಗೆ ಭಾಷೆಯ ಗುರುತು ಇರುತ್ತದೆ. ಅದು ಇಂಗ್ಲಿಷ್ ಎಂದೇ ಉಳಿದರೆ, ಕನ್ನಡ ಪೋಸ್ಟ್‌ಗಳನ್ನು ಮಾತ್ರ ನೋಡುವಂತೆ ಆರಿಸಿಕೊಂಡವರ ಸಾರ್ವಜನಿಕ ಟೈಮ್‌ಲೈನ್‌ನಲ್ಲಿ ನಿಮ್ಮ ಬರಹ ಕಾಣುವುದಿಲ್ಲ. 2022ರ ನವೆಂಬರ್ 14ರಂದು ಬಂದ 4.0 ಆವೃತ್ತಿಯಿಂದ ಹ್ಯಾಶ್‌ಟ್ಯಾಗನ್ನೇ ಫಾಲೋ ಮಾಡಬಹುದು. ನಿಮ್ಮ ಸರ್ವರ್ ಅದಕ್ಕೆ ಬದಲಾಗಿದ್ದರೆ ಕನ್ನಡ ಲಿಪಿಯ ಟ್ಯಾಗ್, ಇಂಗ್ಲಿಷ್ ಲಿಪಿಯ ಟ್ಯಾಗ್ ಎರಡನ್ನೂ ಹಿಡಿಯಿರಿ. ಯಂತ್ರಕ್ಕೆ ಅವು ಬೇರೆಬೇರೆ.

ಉದ್ದ ಬರೆಯುವವರಿಗೆ ನೆಮ್ಮದಿ ಇದೆ. ಟ್ವಿಟರ್ ತನ್ನ 280 ಅಕ್ಷರಗಳ ಮಿತಿಯ ಲೆಕ್ಕದಲ್ಲಿ ಗುಣಿತದ ಚಿಹ್ನೆ, ಅರ್ಧಾಕ್ಷರದ ಗುರುತು, ಒತ್ತು ಎಲ್ಲವನ್ನೂ ಬಿಡಿಬಿಡಿಯಾಗಿ ಎಣಿಸುತ್ತದೆ. ‘ಕೃಷ್ಣರಾಜಸಾಗರ’ ಕಣ್ಣಿಗೆ 7 ಅಕ್ಷರ, ಟ್ವಿಟರ್‌ಗೆ 12. ಇಲ್ಲಿ ಮಿತಿ ಸಾಮಾನ್ಯವಾಗಿ 500, ಕೊಂಡಿ (ಲಿಂಕ್) ಎಷ್ಟೇ ಉದ್ದವಿದ್ದರೂ 23 ಅಕ್ಷರವೆಂದೇ ಲೆಕ್ಕ.

ಸ್ಟಾರ್ (ಇಲ್ಲಿಯ ಲೈಕ್) ಒತ್ತಿದರೆ ಬರೆದವರಿಗೆ ಖುಷಿ, ಅಷ್ಟೇ. ನಾಲ್ಕು ಜನಕ್ಕೆ ತಲುಪಬೇಕಾದರೆ ಬೂಸ್ಟ್ (ಟ್ವಿಟರ್‌ನ ರೀಟ್ವೀಟ್ ಇದ್ದಂತೆ) ಮಾಡಬೇಕು. ಯಾರಿಗೆ ಏನು ತೋರಿಸಬೇಕೆಂದು ತೀರ್ಮಾನಿಸುವ ಅಲ್ಗಾರಿದಮ್ ಇಲ್ಲಿಲ್ಲ, ಆ ಕೆಲಸ ನಿಮ್ಮದೇ.

ಅನುಮಾನ ನಿಜವಾಗಿ ಇರಬೇಕಾದ ಜಾಗ ಡೈರೆಕ್ಟ್ ಮೆಸೇಜ್. ಅದಕ್ಕೆ ಗೂಢಲಿಪಿಯ ಬೀಗವಿಲ್ಲ. ಎರಡೂ ಕಡೆಯ ಸರ್ವರ್ ನಡೆಸುವವರು ಮನಸ್ಸು ಮಾಡಿದರೆ ಓದಬಹುದು. ಇನ್ನೂ ಎಡವಟ್ಟಿನ ಸಂಗತಿಯೆಂದರೆ, ಇಬ್ಬರ ನಡುವಿನ ಮೆಸೇಜಿನಲ್ಲಿ ಮೂರನೆಯವರ ಬಗ್ಗೆ ಆಡುತ್ತಾ ಅವರ ಹೆಸರನ್ನು @ ಸಮೇತ ಬರೆದರೆ ಆ ಮೆಸೇಜ್ ನೇರ ಅವರಿಗೂ ಹೋಗುತ್ತದೆ! ಚಾಡಿ ಹೇಳುವುದಿದ್ದರೆ ಫೋನೇ ವಾಸಿ. ಬ್ಯಾಂಕ್ ವಿವರ, ಪಾಸ್‌ವರ್ಡ್, ಮನೆ ವಿಳಾಸ ಇಲ್ಲಿ ಬೇಡವೇ ಬೇಡ.

ಟ್ವಿಟರ್‌ನ ಗೆಳೆಯರನ್ನು ಹುಡುಕಿಕೊಡಲು 2022ರಲ್ಲಿ ಡೀಬರ್ಡಿಫೈ, ಫೆಡಿಫೈಂಡರ್ ಎಂಬ ಆ್ಯಪ್‌ಗಳಿದ್ದವು. ನೀವು ಫಾಲೋ ಮಾಡುವವರ ಪರಿಚಯದ ಸಾಲುಗಳಲ್ಲಿ ಮಾಸ್ಟಡಾನ್ ವಿಳಾಸವಿದ್ದರೆ ಹೆಕ್ಕಿ ಸಿಎಸ್‌ವಿ (ಪಟ್ಟಿಯ ರೂಪದ) ಕಡತ ಮಾಡಿಕೊಡುತ್ತಿದ್ದವು. ಅದನ್ನು ಮಾಸ್ಟಡಾನ್‌ನ ಇಂಪೋರ್ಟ್ ಪುಟದಲ್ಲಿ ಹಾಕಿದರಾಗುತ್ತಿತ್ತು. ಆಗ ಅವನ್ನು ಬಳಸಿದ್ದರೆ ಟ್ವಿಟರ್ ಸೆಟ್ಟಿಂಗ್ಸ್‌ಗೆ ಹೋಗಿ ಆ ಆ್ಯಪ್‌ಗಳಿಗೆ ಕೊಟ್ಟ ಅನುಮತಿಯನ್ನು ಹಿಂತೆಗೆದುಕೊಳ್ಳಿ.

ಸೇರಿದ ಸರ್ವರ್ ಹಿಡಿಸದಿದ್ದರೆ ಬದಲಿಸಬಹುದು. ಹೊಸ ಖಾತೆ ತೆರೆದು, ಅದರಲ್ಲಿ ಹಳೆಯದನ್ನು ಅಲಿಯಾಸ್ (ಅದೂ ನನ್ನದೇ ಖಾತೆ ಎಂಬ ಗುರುತು) ಆಗಿ ಸೇರಿಸಿ, ಆಮೇಲೆ ಹಳೆಯ ಖಾತೆಯಿಂದ ಮೂವ್ ಒತ್ತಬೇಕು. ಅಲಿಯಾಸ್ ಇಲ್ಲದೆ ಮೂವ್ ಆಗುವುದಿಲ್ಲ. ನಿಮ್ಮನ್ನು ಫಾಲೋ ಮಾಡುವವರು ತಾವಾಗಿ ಹಿಂದೆ ಬರುತ್ತಾರೆ, ನೀವು ಫಾಲೋ ಮಾಡುವವರ ಪಟ್ಟಿಯನ್ನು ಮಾತ್ರ ಸಿಎಸ್‌ವಿಯಾಗಿ ಇಳಿಸಿ ಹೊತ್ತೊಯ್ಯಬೇಕು. ಪೋಸ್ಟ್‌ಗಳು ಬರುವುದಿಲ್ಲ, ಹಳೆಯ ಖಾತೆಯಲ್ಲೇ ಉಳಿಯುತ್ತವೆ. ಒಮ್ಮೆ ಬದಲಿಸಿದರೆ 30 ದಿನ ಮತ್ತೆ ಬದಲಿಸಲು ಬಿಡುವುದಿಲ್ಲ. ಹಾಗಾಗಿ ಬದಲಿಸುವುದಿದ್ದರೆ ಹೆಚ್ಚು ಬರೆದು ಗುಡ್ಡೆ ಹಾಕುವ ಮೊದಲೇ ಬದಲಿಸಿ.