ಅವರ ಏಜೆಂಟಿಗೆ ನಮ್ಮ ದುಡ್ಡು

2024ರ ಅಕ್ಟೋಬರ್. ನಾರ್ತ್ ಕ್ಯಾರೊಲೈನಾದ ಕ್ಯಾರಿಯಲ್ಲಿದ್ದ ನಮ್ಮ ಟೌನ್‌ಹೌಸ್ ಮಾರಾಟಕ್ಕಿಟ್ಟು ಒಂಬತ್ತು ದಿನ ಆಗಿತ್ತು. ಕೇಳಿದ್ದು 4,50,000 ಡಾಲರ್. ಅಷ್ಟಕ್ಕೇ ಒಂದು ಆಫರ್ ಬಂತು. ನಮ್ಮನೆಯವರು ಖುಷಿಯಲ್ಲಿ ಕಾಫಿಗಿಟ್ಟರು. ನಾನು ಕಾಗದ ಪೂರ್ತಿ ಓದಿದೆ. ಕೊಳ್ಳುವವರ ಏಜೆಂಟಿಗೆ ಎರಡೂವರೆ ಪರ್ಸೆಂಟ್ ಕಮಿಷನ್ ನಾವೇ ಕೊಡಬೇಕಂತೆ. ಅಂದರೆ 11,250 ಡಾಲರ್.

“ರೀ, ಇದ್ಯಾವ ನ್ಯಾಯ?” ಅಂದೆ. ನಮ್ಮ ಏಜೆಂಟಿಗೆ ಹೇಗೂ ಎರಡೂವರೆ ಪರ್ಸೆಂಟ್ ಇದ್ದೇ ಇತ್ತು. ನಮ್ಮ ಹತ್ತಿರ ಚೌಕಾಸಿ ಮಾಡೋಕೆ ಅವರು ಇಟ್ಟುಕೊಂಡ ಏಜೆಂಟಿಗೂ ನಾವೇ ಸಂಬಳ ಕೊಡೋದಾ?

ಹಾಸನಕ್ಕೆ ಫೋನ್ ಮಾಡಿದಾಗ ಅಪ್ಪನಿಗೂ ಸಿಟ್ಟು ಬಂತು. “ಅವರ ಬ್ರೋಕರಿಗೆ ನೀನ್ಯಾಕಮ್ಮ ಕೊಡ್ತೀಯ? ನಾವು ಸೈಟ್ ಮಾರಿದಾಗ ಅವನು ಇಬ್ಬರ ಹತ್ರಾನೂ ಬೇರೆ ಬೇರೆ ಈಸ್ಕೊಂಡ.” ಸರಿ. ಆದರೆ ಆಗ ‘ಒಬ್ಬನೇ ಎರಡೂ ಕಡೆ ತಿಂದ’ ಅಂತ ಇದೇ ಅಪ್ಪ ತಿಂಗಳುಗಟ್ಟಲೆ ಬೈದಿದ್ದು ನನಗೆ ಮರೆತಿಲ್ಲ.

ಅಮೆರಿಕದಲ್ಲಿ ಇದು ತುಂಬಾ ವರ್ಷಗಳ ರೂಢಿ. ಮಾರುವವರು ಐದೋ ಆರೋ ಪರ್ಸೆಂಟ್ ಕೊಡುತ್ತಿದ್ದರು, ಎರಡೂ ಕಡೆಯ ಏಜೆಂಟರು ಅದನ್ನು ಹಂಚಿಕೊಳ್ಳುತ್ತಿದ್ದರು. ಮಿಸ್ಸೂರಿಯಲ್ಲಿ ಮನೆ ಮಾರಿದ ಕೆಲವರು ಇದರ ವಿರುದ್ಧ ಕೋರ್ಟಿಗೆ ಹೋದರು. 2023ರ ಅಕ್ಟೋಬರಿನಲ್ಲಿ ಕ್ಯಾನ್ಸಸ್ ಸಿಟಿಯ ಜ್ಯೂರಿ ಅವರ ಪರ ನಿಂತಿತು. ಮುಂದಿನ ಮಾರ್ಚ್‌ನಲ್ಲಿ ಏಜೆಂಟರ ಸಂಘವಾದ ನ್ಯಾಷನಲ್ ಅಸೋಸಿಯೇಷನ್ ಆಫ್ ರಿಯಲ್ಟರ್ಸ್ 41.8 ಕೋಟಿ ಡಾಲರಿಗೆ ರಾಜಿಯಾಯಿತು. 2024ರ ಆಗಸ್ಟ್ 17ರಿಂದ ಹೊಸ ನಿಯಮ. ಏಜೆಂಟರು ಮನೆಗಳನ್ನು ಹಾಕುವ ಎಂಎಲ್‌ಎಸ್ ಪಟ್ಟಿಯಲ್ಲಿ ‘ಕೊಳ್ಳುವವರ ಏಜೆಂಟಿಗೆ ಇಷ್ಟು ಕೊಡ್ತೀವಿ’ ಅಂತ ನಮೂದಿಸುವಂತಿಲ್ಲ. ಆದರೆ ಕೊಳ್ಳುವವರು ಆಫರಿನಲ್ಲಿ ಕೇಳಬಹುದು. ಹಾಗೇ ಕೇಳಿದ್ದರು.

ಕಾಫಿ ಕೊಡುತ್ತಾ ನಮ್ಮನೆಯವರು, “2015ರಲ್ಲಿ ಈ ಮನೆ ತಗೊಂಡಾಗ ನಮ್ಮ ಏಜೆಂಟಿಗೆ ನಾವೆಷ್ಟು ಕೊಟ್ವಿ?” ಅಂದರು.

ಒಂದು ಪೈಸೆ ಇಲ್ಲ. “ನನ್ನ ಕೆಲಸ ನಿಮಗೆ ಫ್ರೀ” ಅಂದಿದ್ದರು ಆತ. ನಾವೂ ನಂಬಿ, ಆರು ವಾರ ಶನಿವಾರ ಭಾನುವಾರ ಅವರ ಕಾರಿನಲ್ಲೇ ಸುತ್ತಿದ್ದೆವು. ಒಂದು ಮನೆಯ ಅಡುಗೆಮನೆ ನನಗೆ ಹಿಡಿಸಲಿಲ್ಲ ಅಂತ ಮತ್ತೆ ಒಂಬತ್ತು ಮನೆ ತೋರಿಸಿದ ಪುಣ್ಯಾತ್ಮ. ಆತನ ಕಮಿಷನ್ ಕೊಟ್ಟಿದ್ದು ಮನೆ ಮಾರಿದ ವಯಸ್ಸಾದ ದಂಪತಿ. ಅವರೂ ಇದೇ ಮೇಜಿನ ಹತ್ತಿರ ಕೂತು ನಮ್ಮನ್ನು ಬೈದಿರಬೇಕು.

ಮಾರನೇ ದಿನ ಇನ್ನೊಂದು ಆಫರ್ ಬಂತು. 4,36,000 ಡಾಲರ್, ಅವರ ಏಜೆಂಟಿನ ಖರ್ಚು ಅವರದೇ. ನೋಡಿದರೆ ಇದೇ ನ್ಯಾಯವಾದ ಆಫರ್. ಪೆನ್ನು ತಗೊಂಡು ಕೂತೆ. ಮೊದಲನೆಯದರಲ್ಲಿ 11,250 ಕಳೆದರೂ 4,38,750 ಉಳಿಯುತ್ತಿತ್ತು. ‘ಯಾರ ಏಜೆಂಟಿಗೆ ಯಾರು ಕೊಡಬೇಕು’ ಅನ್ನೋ ನನ್ನ ಜಗಳಕ್ಕೆ 2,750 ಡಾಲರ್ ಬೆಲೆ! ಅಷ್ಟು ಜಾಸ್ತಿ ಸ್ವಾಭಿಮಾನ ನನಗಿಲ್ಲ.

ಮೊದಲ ಆಫರ್ ಕೊಟ್ಟವರು ಚಿಕ್ಕ ಮಗು ಇದ್ದ ಜೋಡಿ, ಡೌನ್ ಪೇಮೆಂಟ್ ಬರೀ ಐದು ಪರ್ಸೆಂಟ್. ಏಜೆಂಟ್ ಕಮಿಷನ್ನನ್ನು ಸಾಮಾನ್ಯವಾಗಿ ಮನೆ ಸಾಲಕ್ಕೆ ಸೇರಿಸೋಕೆ ಆಗಲ್ಲ, ಕೈಯಿಂದಲೇ ಕೊಡಬೇಕು. ಅದರ ಮೇಲೆ ನಾರ್ತ್ ಕ್ಯಾರೊಲೈನಾದಲ್ಲಿ, ಮನೆ ಪರಿಶೀಲಿಸಿ ನಿರ್ಧರಿಸೋಕೆ ಸಮಯ ಸಿಗಲಿ ಅಂತ ಕೊಳ್ಳುವವರು ಕೊಡುವ ಡ್ಯೂ ಡಿಲಿಜೆನ್ಸ್ ಫೀ ಬೇರೆ. ಅದು ನೇರ ಮಾರುವವರಿಗೆ ಹೋಗುತ್ತೆ, ಮನಸ್ಸು ಬದಲಾಯಿಸಿದರೆ ವಾಪಸ್ ಬರಲ್ಲ. ಬೆಲೆ ಸ್ವಲ್ಪ ಜಾಸ್ತಿ ಕೊಟ್ಟರೆ ಅದು ಸಾಲದಲ್ಲಿ ಸೇರಿಹೋಗುತ್ತೆ, ಆದರೆ ಒಂದೇ ಸಲ 11,250 ನಗದು ಎಲ್ಲಿಂದ ತರಬೇಕು?

ಆದರೂ ಸುಮ್ನೆ ಬಿಡಲಿಲ್ಲ. ಎರಡು ಪರ್ಸೆಂಟಿಗೆ ಇಳಿಸಿ ಅಂದೆವು. ಒಪ್ಪಿದರು. ಲಾಯರ್ ಆಫೀಸಿನಲ್ಲಿ ಸಹಿ ಹಾಕುವಾಗ ‘9,000’ ಅನ್ನೋ ಸಾಲು ಕಂಡು ಹೊಟ್ಟೆ ಉರಿದದ್ದು ನಿಜ.

ಡಿಸೆಂಬರಿನಲ್ಲಿ ನಾವು ಟೆಕ್ಸಸ್‌ನ ಪ್ಲೇನೊಗೆ ಬಂದೆವು. ಹೊಸ ನಿಯಮದ ಪ್ರಕಾರ, ಒಂದು ಮನೆಯನ್ನೂ ತೋರಿಸುವ ಮೊದಲೇ ಏಜೆಂಟ್ ಒಪ್ಪಂದದ ಕಾಗದ ಮುಂದಿಟ್ಟರು. ಅವರ ಕಮಿಷನ್ ಎರಡೂವರೆ ಪರ್ಸೆಂಟ್.

“ಇದನ್ನ ಮಾರುವವರ ಹತ್ತಿರ ಕೇಳಬಹುದು ಅಲ್ವಾ?” ಅಂದೆ. ನಮ್ಮನೆಯವರು ಕಿಟಕಿ ಕಡೆ ತಿರುಗಿ ಕೆಮ್ಮಿದರು.