ಮತಪತ್ರ ತುಂಬುತ್ತಾ ಕೂತ ರಾತ್ರಿ

ಅಡುಗೆಮನೆ ಮೇಜಿನ ಮೇಲೆ ಅಂಚೆಯಲ್ಲಿ ಬಂದ ಮತಪತ್ರ ಹರಡಿಕೊಂಡು ಕೂತಿದ್ದೇನೆ. ನವೆಂಬರ್ 5, 2024ಕ್ಕೆ ಮತದಾರರೇ ನೇರವಾಗಿ ತೀರ್ಮಾನಿಸಬೇಕಾದ, ಕ್ಯಾಲಿಫೋರ್ನಿಯಾ ರಾಜ್ಯದ್ದೇ 10 ಪ್ರಸ್ತಾವಗಳಿವೆ, ನಮ್ಮೂರಿನವು ಬೇರೆ. ಯಾವುದಕ್ಕೆ ಹೌದು, ಯಾವುದಕ್ಕೆ ಬೇಡ ಅಂತ ಗೆಳೆಯರು ಕೇಳುತ್ತಲೇ ಇದ್ದಾರೆ.

2ನೇ ಪ್ರಸ್ತಾವಕ್ಕೆ ನನ್ನದು ಹೌದು. ಶಾಲೆ, ಕಮ್ಯುನಿಟಿ ಕಾಲೇಜುಗಳ ಕಟ್ಟಡಕ್ಕೆ 1,000 ಕೋಟಿ ಡಾಲರ್ ಸಾಲ ಎತ್ತುವ ಪ್ರಸ್ತಾವ. ಮಗಳ ತರಗತಿಯಲ್ಲಿ ಸೋರುವ ಸೂರಿನ ಕೆಳಗೆ ಬಕೆಟ್ ಇಟ್ಟಿದ್ದನ್ನು ಕಣ್ಣಾರೆ ನೋಡಿದ್ದೇನೆ.

6ನೇ ಪ್ರಸ್ತಾವಕ್ಕೆ ಬಂದಾಗ ಪೆನ್ನು ತಾನಾಗೇ ನಿಂತಿತು. ಜೈಲಿನಲ್ಲಿರುವವರನ್ನು ಬಲವಂತವಾಗಿ ದುಡಿಸಲು ಇಲ್ಲಿನ ರಾಜ್ಯ ಸಂವಿಧಾನ ಇನ್ನೂ ಬಿಡುತ್ತದೆ. ಅದನ್ನು ನಿಲ್ಲಿಸುವ ಪ್ರಸ್ತಾವ ಇದು. ನಮ್ಮ ಭಾರತದಲ್ಲಿ ಜೀತ ರದ್ದಾಗಿದ್ದು 1976ರಲ್ಲಿ. ಅಜ್ಜ ಹೇಳುತ್ತಿದ್ದ ಜೀತದಾಳುಗಳ ಕಥೆಗಳು ನೆನಪಾದವು. ದಯವಿಟ್ಟು ಹೌದು ಅನ್ನಿ.

ಲಕೋಟೆ ಮೇಲೆ ಸಹಿ ಹಾಕಲು ಮರೆಯಬೇಡಿ.