ಅರ್ಧ ಚೀಲ ಗೊಬ್ಬರ ಇರುವವರಿಗೆ ಕೊಡುವ ಸಲಹೆ

ಆಫ್ರಿಕಾದ ಮಲಾವಿ ದೇಶದ ದಕ್ಷಿಣ ಭಾಗದ ಸಣ್ಣ ಹಿಡುವಳಿದಾರರ ನಡುವೆ ಕೃಷಿ ಸಲಹೆಯ ಕೆಲಸ ಮಾಡುತ್ತ ನಾನು ಕಲಿತ ಪಾಠವೊಂದಿದೆ: ಶಾಸ್ತ್ರಕ್ಕೆ ಸರಿಹೋಗುವ ಸಲಹೆಯೂ ರೈತರ ಕೈಯಲ್ಲಿರುವ ಗೊಬ್ಬರಕ್ಕೆ ಮತ್ತು ಅವರ ಮನೆಯ ದುಡಿಮೆಗೆ ಹೊಂದದಿದ್ದರೆ ಹೊಲಕ್ಕೆ ಇಳಿಯುವುದಿಲ್ಲ.

ಅಲ್ಲಿ ಬಹುಕಾಲ ಬಳಕೆಯಲ್ಲಿದ್ದ ಶಿಫಾರಸಿನ ಪ್ರಕಾರ ಹೈಬ್ರಿಡ್ ಮೆಕ್ಕೆಜೋಳಕ್ಕೆ ಹೆಕ್ಟೇರಿಗೆ 92 ಕಿಲೋ ಸಾರಜನಕ ಬೇಕು. ಅಂದರೆ 50 ಕಿಲೋ ತೂಕದ ಎರಡು ಚೀಲ ಮೂಲಗೊಬ್ಬರ (ಬಿತ್ತನೆಯ ಹೊತ್ತಿಗೆ ಹಾಕುವ ಗೊಬ್ಬರ), ಮೂರು ಚೀಲ ಯೂರಿಯಾ. 2005ರಲ್ಲಿ ಆರಂಭವಾದ ಸಬ್ಸಿಡಿ ಯೋಜನೆಯು ಆಯ್ದ ಮನೆಗಳಿಗೆ ಇವೆರಡರಲ್ಲಿ ಒಂದೊಂದು ಚೀಲ ಕೊಡುತ್ತಿತ್ತು. ಲೆಕ್ಕದಲ್ಲಿ ಒಂದು ಎಕರೆಗೆ ಅದು ಹೆಚ್ಚುಕಡಿಮೆ ಸಾಕು. ಆದರೆ ಅನೇಕ ಹಳ್ಳಿಗಳಲ್ಲಿ ಪಟ್ಟಿಯಲ್ಲಿ ಹೆಸರಿಲ್ಲದ ನೆರೆಮನೆಯವರಿಗೂ ಗೊಬ್ಬರ ಹಂಚುತ್ತಿದ್ದುದರಿಂದ, ಬಿತ್ತನೆಯ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಉಳಿಯುತ್ತಿದ್ದುದು ಅರ್ಧ ಚೀಲ. ಹೆಕ್ಟೇರಿನ ಲೆಕ್ಕ ಬರೆದ ಕರಪತ್ರ ಇಂಥವರಿಗೆ ಏನನ್ನೂ ಹೇಳುವುದಿಲ್ಲ.

ಇದಕ್ಕಿಂತ ದೊಡ್ಡ ಪ್ರಶ್ನೆ ಕಳೆಯದು. ಸಕಾಲದಲ್ಲಿ ಎರಡು ಸಲ ಕಳೆ ತೆಗೆದ ಹೊಲವು, ಒಂದೇ ಸಲ ಕಳೆ ತೆಗೆದ ಹೊಲಕ್ಕಿಂತ ಅರ್ಧದಷ್ಟೇ ಗೊಬ್ಬರದಲ್ಲಿ ಹೆಚ್ಚು ಇಳುವರಿ ಕೊಡುತ್ತದೆಂದು ಮಲಾವಿಯ ಸಂಶೋಧಕರು 1990ರ ದಶಕದಲ್ಲೇ ತೋರಿಸಿದ್ದರು. ಹಣ ಬೇಡದ ಈ ಸಲಹೆಯನ್ನು ಬಡವರೇ ಮೊದಲು ಪಾಲಿಸಬೇಕಿತ್ತು. ಹಾಗಾಗದಿರುವುದಕ್ಕೆ ಕಾರಣ ಗನ್ಯು, ಅಂದರೆ ಪರರ ಹೊಲದ ಕೂಲಿ. ಡಿಸೆಂಬರಿನಿಂದ ಫೆಬ್ರುವರಿವರೆಗೆ ಕಣಜ ಬರಿದಾಗಿರುತ್ತದೆ. ಅಂದಿನ ಊಟಕ್ಕಾಗಿ ಬೇರೆಯವರ ಮೆಕ್ಕೆಜೋಳದಲ್ಲಿ ಕಳೆ ತೆಗೆಯುವ ಹೆಂಗಸಿನ ಸ್ವಂತ ಹೊಲದಲ್ಲಿ ಅದೇ ವಾರಗಳಲ್ಲಿ ಕಳೆ ಎದ್ದು ನಿಂತಿರುತ್ತದೆ. ಅವಳಿಗೆ ತಿಳಿವಳಿಕೆ ಕಡಿಮೆಯೆಂದು ಮತ್ತೊಂದು ತರಬೇತಿ ಏರ್ಪಡಿಸುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಕ್ಷೇತ್ರ ಅಧಿಕಾರಿಗಳನ್ನು ನಾನು ದೂರುವುದಿಲ್ಲ. ಒಬ್ಬೊಬ್ಬರ ಪಾಲಿಗೆ ಸಾವಿರಾರು ಕುಟುಂಬಗಳಿವೆ, ಬೈಕಿಗೆ ಪೆಟ್ರೋಲು ಸಿಗುವುದೂ ಖಾತ್ರಿಯಿಲ್ಲ, ಮೇಲಿನವರು ಕೇಳುವುದು ಸಭೆಗೆ ಬಂದವರ ಸಂಖ್ಯೆಯನ್ನು. ಸೈನಿಕ ಹುಳು ಬಂದಾಗ ಸುದ್ದಿ ಮುಟ್ಟಿಸಲು ರೇಡಿಯೋ ಸಾಕಾಗಬಹುದು, ಆದರೆ ಅರ್ಧ ಚೀಲವನ್ನು ಎಲ್ಲಿ ಹಾಕಬೇಕೆಂಬ ಪ್ರಶ್ನೆಗೆ ಎದುರು ಕುಳಿತು ಮಾತಾಡುವವರೇ ಬೇಕು.

ಆದ್ದರಿಂದ ನಾವು ಈಗ ಭೇಟಿಯ ಆರಂಭದಲ್ಲೇ ಮೂರು ವಿಷಯ ಕೇಳುತ್ತೇವೆ: ಕೈಯಲ್ಲಿ ಎಷ್ಟು ಗೊಬ್ಬರವಿದೆ, ಕಳೆ ತೆಗೆಯುವವರು ಯಾರು, ಗನ್ಯುವಿಗೆ ಹೋಗುವ ವಾರಗಳು ಯಾವುವು. ಎರಡು ಸಲ ಕಳೆ ತೆಗೆಯಲು ಸಾಧ್ಯವಿರುವಷ್ಟು ಜಾಗಕ್ಕೆ ಮಾತ್ರ ಗೊಬ್ಬರ ಹಾಕಲು ಹೇಳಿ, ಉಳಿದ ಕಡೆ ಮೆಕ್ಕೆಜೋಳದ ನಡುವೆ ಅಲ್ಲಿಯವರು ನಂದೋಲೊ ಎನ್ನುವ ತೊಗರಿಯನ್ನು ಸೂಚಿಸುತ್ತೇವೆ. ತೊಗರಿಯ ಬೆಲೆಯ ಮಾತನ್ನೂ ಬಿತ್ತನೆಗೆ ಮುಂಚೆಯೇ ಆಡುತ್ತೇವೆ, ಏಕೆಂದರೆ 2017ರಲ್ಲಿ ಭಾರತ ಆಮದಿಗೆ ಮಿತಿ ಹೇರಿದಾಗ ಪೆಟ್ಟು ತಿಂದವರಲ್ಲಿ ಈ ರೈತರೂ ಇದ್ದರು.